ಇಂಜಿನ್ನಿಗೆ ಹಾಕಿದ ಕಚ್ಚು

ಚಿತ್ರದುರ್ಗ
೨೦ ಆಗಸ್ಟ್ ೧೯೭೮, ಭಾನುವಾರ

ಜಯಕ್ಕನಿಗೆ ನಿನ್ನ ತಮ್ಮ ಲಿಂಗುವಿನ ನಮಸ್ಕಾರ.

ಕಾಲೇಜು ಶುರುವಾಗಿ ಆರು ವಾರವಾಯಿತು. ಬದುಕಿದ್ದೇನೆ. ಫಿಸಿಕ್ಸ್ ಲೆಕ್ಚರರ್ ಪೂರಾ ಇಂಗ್ಲಿಷಿನಲ್ಲೇ ಹೇಳುತ್ತಾರೆ, ನಾನು ಅರ್ಧ ಬರೆದುಕೊಳ್ಳುವಷ್ಟರಲ್ಲಿ ಬೋರ್ಡು ಒರೆಸಿಬಿಡುತ್ತಾರೆ. ಮೂರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವನಿಗೆ ಇನ್ನೊಂದು ಹಾಸ್ಟೆಲೆಂದರೆ ಏನು ಹೆದರಿಕೆ ಅಂತ ನೀನು ಕೇಳಬಹುದು. ಹೆದರಿಕೆ ಇದೆ. ರೂಮಿನಲ್ಲಿ ನಾಲ್ಕು ಜನ, ಮೂವರದು ಕಾನ್ವೆಂಟ್ ಇಂಗ್ಲಿಷ್, ನನ್ನದು ಅರ್ಧ. "ಐ ಆಮ್ ಕಮಿಂಗ್ ಫ್ರಂ" ಅನ್ನುವ ತನಕ ಸರಾಗ. ಆಮೇಲೆ ಯಲ್ಲದಕೆರೆ ಹತ್ತಿರದ ಹಟ್ಟಿ ಅನ್ನುವಾಗ ದನಿ ಇಳಿದುಹೋಗುತ್ತದೆ.

ಒಂದು ಒಳ್ಳೆಯ ಸಮಾಚಾರ ಇದೆ, ಅಪ್ಪನಿಗೂ ಓದಿ ಹೇಳು. ಮೈಸೂರಿನಲ್ಲಿ ರೈಲ್ವೆ ಮ್ಯೂಸಿಯಂ ಆಗುತ್ತಿದೆ. ಹಳೆಯ ಉಗಿ ಇಂಜಿನ್ನುಗಳು ಗುಜರಿಗೆ ಹೋಗದಂತೆ ಉಳಿಸಿ ಜನ ನೋಡಲು ಇಡುತ್ತಾರಂತೆ. ಅದಕ್ಕೆಂದು ಚಿಕ್ಕಜಾಜೂರು ಶೆಡ್ಡಿನ ಒಂದು ಇಂಜಿನ್ನನ್ನು ಇಲ್ಲಿನ ಯಾರ್ಡಿಗೆ ಎಳೆದು ತಂದು ನಿಲ್ಲಿಸಿದ್ದಾರೆ. ಅಪ್ಪ ಖಲಾಸಿಯಾಗಿ ಇಂಜಿನ್ನು ತೊಳೆಯುತ್ತಿದ್ದ ಶೆಡ್ಡೇ. ಅವನು ಅದನ್ನು ನೋಡಿರಲೂಬಹುದು. ನಮ್ಮ ಸೈನ್ಸ್ ಅಸೋಸಿಯೇಷನ್ನಿನಿಂದ ಆರು ಹುಡುಗರು ಪ್ರತಿ ಭಾನುವಾರ ಹೋಗಿ ತುಕ್ಕು ಕೆರೆಯುತ್ತೇವೆ. ಮೇಲ್ವಿಚಾರಣೆಗೆ ರೇವಣಸಿದ್ದಪ್ಪ ಅಂತ ಒಬ್ಬರು, ರಿಟೈರಾಗಲು ಎರಡು ವರ್ಷವಿರುವವರು. ಎಲ್ಲರನ್ನೂ ಬೈಯುತ್ತಾರೆ.

ನನಗೆ ಕೊಟ್ಟದ್ದು ರಾಡುಗಳ ಕೆಲಸ. ಒಂದು ಚಕ್ರ ತಿರುಗಿದರೆ ಪಕ್ಕದ್ದೂ ತಿರುಗುವಂತೆ ಜೋಡಿಸುವ ಉದ್ದನೆಯ ಉಕ್ಕಿನ ಪಟ್ಟಿಗಳು ಅವು. ರಾಶಿಯಲ್ಲಿ ಏಳು ಇದ್ದವು. ಅಂಚಿನಲ್ಲೆಲ್ಲ ಇಲಿ ಕಡಿದಂತೆ ಕಚ್ಚುಗಳು. ಯಾರೋ ಅಕ್ಷರ ಬಾರದ ಪೆದ್ದ ಅರ ಹಿಡಿದು ಕೈಗೆ ಬಂದಂತೆ ಉಜ್ಜಿದ್ದಾನೆ. ನಾನು ಒಂದೊಂದಕ್ಕೂ ಪುಟ್ಟಿ ತುಂಬಿ, ಉಪ್ಪುಕಾಗದದಲ್ಲಿ ತಿಕ್ಕಿ, ಬಣ್ಣ ಹೊಡೆದೆ. ಈಗ ಎಲ್ಲಿ ಗಾಯವಿತ್ತು ಅಂತ ನನಗೇ ಗೊತ್ತಾಗುವುದಿಲ್ಲ. ಇಡೀ ಯಾರ್ಡಿನಲ್ಲಿ ಬೈಸಿಕೊಳ್ಳದವನು ನಾನೊಬ್ಬನೇ.

ನಿನ್ನ
ಕಾಟಲಿಂಗಪ್ಪ


ಯಲ್ಲದಕೆರೆ
೧ ಸೆಪ್ಟೆಂಬರ್ ೧೯೭೮

ಲಿಂಗು,

ಕಾಗದ ಬಂದು ಎಂಟು ದಿನವಾಯಿತು. ಕುರಿ ಬಿಟ್ಟುಕೊಂಡು ನಿಮ್ಮ ಭಾವ ಶ್ರೀರಾಂಪುರದ ಕಡೆ ಹೋಗಿದ್ದರು, ಮರಿಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅದಕ್ಕೇ ತಡ.

ಅಪ್ಪನಿಗೆ ಓದಿ ಹೇಳಿದೆ. ಇಂಜಿನ್ನಿನ ಸುದ್ದಿ ಬಂದಾಗ ಎದ್ದು ಕುಳಿತ. "ಯಾವುದಂತೆ? ಎರಡಿದ್ವು" ಅಂದ. ನೀನು ಅದನ್ನು ಬರೆದಿಲ್ಲ ಅಂದೆ. ರಾಡಿನ ಕಚ್ಚುಗಳಿಗೆ ಪುಟ್ಟಿ ತುಂಬಿದ್ದು ಓದಿದಾಗ, "ಎಲ್ಲಾದಕ್ಕೂ ತುಂಬಿದ್ನಂತಾ?" ಅಂತ ಎರಡು ಸಲ ಕೇಳಿದ. ಎಲ್ಲಾದಕ್ಕೂ ಅಂದೆ. ಆಮೇಲೆ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಸಂಜೆಯ ತನಕ ಬರಲಿಲ್ಲ.

ನನಗೆ ಅನ್ನಿಸುವುದು ಇಷ್ಟೇ. ನೀನು ಅವನಿಗೆಂದು ಒಂದು ಸಾಲನ್ನೂ ಬರೆಯುವುದಿಲ್ಲ. ಎಲ್ಲವೂ ಅಕ್ಕನಿಗೆ. ಓದಲು ಬಾರದಿದ್ದರೂ ತನ್ನ ಹೆಸರು ಹೇಳಿ ಬರೆದಿದ್ದಾನೆ ಅಂತ ಕೇಳುವ ಆಸೆ ಇರುತ್ತದಲ್ಲ. ಹಬ್ಬಕ್ಕಾದರೂ ಬಾ.

ಜಯಕ್ಕ


ಚಿತ್ರದುರ್ಗ
೧೭ ಸೆಪ್ಟೆಂಬರ್ ೧೯೭೮

ಅಕ್ಕನಿಗೂ, ಅಪ್ಪನಿಗೂ,

ಹಬ್ಬಕ್ಕೆ ಬರಲಿಲ್ಲವೆಂದು ಅಪ್ಪ ಸಿಟ್ಟಾಗಿದ್ದರೆ ಕ್ಷಮಿಸಲಿ. ಟೆಸ್ಟ್ ಇತ್ತು. ಈಗ ಟೆಸ್ಟಿಗಿಂತ ದೊಡ್ಡ ಭಯ ಹಿಡಿದಿದೆ.

ಇವತ್ತು ಇಂಜಿನ್ನಿಗೆ ರಾಡು ಹಾಕಿ, ಇನ್ನೊಂದು ಇಂಜಿನ್ ತಂದು ತಳ್ಳಿಸಿ ನೋಡಿದರು. ಚಕ್ರ ಕಾಲು ಸುತ್ತು ತಿರುಗಿ ಕಚ್ಚಿಕೊಂಡಿತು. ಕಾರಣ ಇದು. ಈ ಇಂಜಿನ್ನಿಗೆ ಜೊತೆಯದೊಂದು ಇತ್ತು, ಅದನ್ನು ನಾಲ್ಕು ವರ್ಷದ ಹಿಂದೆ ಕಡಿದು ಗುಜರಿಗೆ ಹಾಕಿದರು. ಅದರ ರಾಡುಗಳನ್ನು ಬಿಚ್ಚಿ ಇದರವುಗಳ ಜೊತೆಗೇ ಎಸೆದಿದ್ದಾರೆ. ನೋಡಲು ಎಲ್ಲ ಒಂದೇ. ಆದರೆ ಒಳಗಿನ ಹಿತ್ತಾಳೆ ಬಳೆ ತನ್ನ ಇಂಜಿನ್ನಿಗೆ ಹೊಂದಿಕೊಂಡು ಸವೆದಿರುತ್ತದಂತೆ, ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಒಂದಕ್ಕೆ ನಾಲ್ಕರಂತೆ ಎಂಟು ಇರಬೇಕಿತ್ತು. ಏಳೇ ಸಿಕ್ಕಿವೆ. ಕಾಣೆಯಾದದ್ದು ಯಾವ ಇಂಜಿನ್ನಿನದೆಂದು ಯಾರಿಗೂ ತಿಳಿಯದು. ನಂಬರು ನೋಡೋಣವೆಂದರೆ ಒಂದೊಂದರ ಮೇಲೂ ಮೂರು ಮೂರು ನಂಬರು ಹೊಡೆದಿದ್ದಾರೆ. ಸವೆತ ಕೂದಲೆಳೆಯಷ್ಟು, ಹೋಲಿಸಲು ಇದರದೇ ಎಂದು ಖಾತ್ರಿಯಿರುವ ರಾಡು ಒಂದೂ ಇಲ್ಲದೆ ಅಳೆದರೂ ತಿಳಿಯುವುದಿಲ್ಲವಂತೆ.

ಅಕ್ಟೋಬರ್ ಹದಿನಾರಕ್ಕೆ ದೊಡ್ಡ ಆಫೀಸರು ಬರುತ್ತಾರೆ. ಅಷ್ಟರಲ್ಲಿ ಚಕ್ರ ತಿರುಗದಿದ್ದರೆ ಬೇರೆ ಊರಿನ ಇಂಜಿನ್ನನ್ನು ಮ್ಯೂಸಿಯಮ್ಮಿಗೆ ಆರಿಸುತ್ತಾರೆ. ಇದು ಜೊತೆಯದರ ದಾರಿ ಹಿಡಿಯುತ್ತದೆ.

ರೇವಣಸಿದ್ದಪ್ಪನವರು ಎಲ್ಲರನ್ನೂ ನಿಲ್ಲಿಸಿ ಕೇಳಿದರು. "ಹಳೇ ಶೆಡ್ಡಿನೋರು ಕೈಯಾರೆ ಏನಾರ ಗುರುತು ಮಾಡಿಟ್ಟಿರ್ತಾರೆ. ಯಾರಾದ್ರೂ ಕಂಡ್ರೇನ್ರಲೇ?" ಎಲ್ಲರೂ ಇಲ್ಲ ಅಂದರು. ನಾನೂ ಇಲ್ಲ ಅಂದೆ. ಅಂದ ಮೇಲೆ ರಾಡುಗಳ ಅಂಚು ನೆನಪಾಯಿತು. ಆ ಕಚ್ಚುಗಳು ಸುಮ್ಮನೆ ಆದವಲ್ಲವೇನೋ. ನೆನಪಿನಿಂದ ಕೆಳಗೆ ಚಿತ್ರ ಬರೆದು ತೋರಿಸಿದ್ದೇನೆ: ಕೆಲವುಗಳಲ್ಲಿ ಮೇಲಂಚಿಗೆ ಎರಡು, ಕೆಳಗೆ ಒಂದು. ಕೆಲವುಗಳಲ್ಲಿ ಕೆಳಗೆ ಮಾತ್ರ ಎರಡು. ಅಪ್ಪನಿಗೆ ಇದೇನೆಂದು ಗೊತ್ತೇ? ಅಲ್ಲಿ ಅರ ಹಿಡಿಯುತ್ತಿದ್ದವರು ಯಾರು?

ಬೇಗ ಬರೆ.
ಲಿಂಗು


ಯಲ್ಲದಕೆರೆ
೨೪ ಸೆಪ್ಟೆಂಬರ್ ೧೯೭೮

ಲಿಂಗು,

ನಿನ್ನ ಚಿತ್ರ ನೋಡಿ ನಾನು ಕಾಗದ ಕೆಳಗಿಟ್ಟೆ. ನಿನಗೆ ನಿಜವಾಗಿಯೂ ಗೊತ್ತಾಗಲಿಲ್ಲವೇ?

ಮೇಲೆ ಎರಡು, ಕೆಳಗೆ ಒಂದು. ಅದು ನಮ್ಮ ಮನೆಯ ಕುರಿಗಳ ಕಿವಿಗೆ ಹಾಕುವ ಕಚ್ಚು. ಮೂರು ಹಟ್ಟಿಯ ಕುರಿ ಒಂದೇ ಬಯಲಿನಲ್ಲಿ ಬೆರೆತರೂ ಕಿವಿ ಮುಟ್ಟಿ ನಮ್ಮದನ್ನು ಆರಿಸುತ್ತೇವೆ. ಕೆಳಗೆ ಮಾತ್ರ ಎರಡು ಇರುವುದು ಅವ್ವನ ತವರಿನದು. ಈ ಹಟ್ಟಿಯಲ್ಲಿ ಹತ್ತು ವರ್ಷದ ಮಕ್ಕಳೂ ಹೇಳುತ್ತವೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವ ಹೋದಳು, ಮಾರನೇ ವರ್ಷ ನಿನ್ನನ್ನು ಹಾಸ್ಟೆಲಿಗೆ ಹಾಕಿದರು. ತಪ್ಪು ನಿನ್ನದೆಂದು ಹೇಗೆ ಹೇಳಲಿ.

ಅಪ್ಪನ ಮುಂದೆ ಚಿತ್ರ ಹಿಡಿದೆ. "ಹೂಂ, ನಾನೇ" ಅಂದ. ಶೆಡ್ಡಿನಲ್ಲಿ ಎರಡೂ ಇಂಜಿನ್ನಿನ ರಾಡುಗಳನ್ನು ಒಟ್ಟಿಗೆ ಬಿಚ್ಚಿ ಎಣ್ಣೆಯಲ್ಲಿ ತೊಳೆಯಲು ಹಾಕುತ್ತಿದ್ದರಂತೆ. ಮತ್ತೆ ಜೋಡಿಸುವಾಗ ಯಾವುದು ಯಾವುದರದೆಂದು ನಂಬರು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕು. ಓದಿ ಹೇಳಿದವನು ಒಂದು ನಗು ನಕ್ಕೇ ಹೇಳುತ್ತಿದ್ದನಂತೆ. ಅದಕ್ಕೇ ಒಂದು ದಿನ ಅರ ತಗೊಂಡು ಒಂದಕ್ಕೆ ನಮ್ಮ ಕಚ್ಚು, ಇನ್ನೊಂದಕ್ಕೆ ಅವ್ವನ ಕಡೆಯ ಕಚ್ಚು ಹಾಕಿದನಂತೆ. ಅಲ್ಲಿಂದ ಮುಂದೆ ಯಾರನ್ನೂ ಕೇಳಲಿಲ್ಲ.

ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ನಿನ್ನ ಮೊದಲ ಕಾಗದ ಓದುವಾಗ ಒಂದು ಸಾಲು ನುಂಗಿದೆ. ಯಾವ ಸಾಲೆಂದು ನಿನಗೆ ಗೊತ್ತು. ಅವನು ಎದ್ದು ಹೋದದ್ದಕ್ಕೆ ನಾನು ಬೇರೆ ಕಾರಣ ಊಹಿಸಿ ಬರೆದಿದ್ದೂ ತಪ್ಪಾಯಿತು. ತನ್ನ ಗುರುತನ್ನು ತನ್ನ ಮಗನೇ ಮುಚ್ಚಿದ ಅನ್ನುವುದು ಅವನಿಗೆ ಅವತ್ತೇ ಗೊತ್ತಾಗಿತ್ತು.

ದುರ್ಗಕ್ಕೆ ಹೋಗಿ ತೋರಿಸಪ್ಪ ಅಂದೆ. "ಅವರು ಕರೀದೆ ಹೆಂಗೆ ಹೋಗ್ಲಿ? ರೈಲ್ವೆ ಸಾಮಾನಿಗೆ ಕುರಿ ಕಚ್ಚು ಹಾಕಿದೋನು ನಾನೇ ಅಂತ ಮೆರವಣಿಗೆ ಹೋಗ್ಲಾ?" ಅಂದ. ಕರೆಸುವುದು ನಿನ್ನ ಕೈಲಿದೆ.

ಜಯಕ್ಕ


ಚಿತ್ರದುರ್ಗ
೩೦ ಸೆಪ್ಟೆಂಬರ್ ೧೯೭೮

ಅಕ್ಕ,

ನಿನ್ನ ಕಾಗದವನ್ನು ಮೆಸ್ಸಿನ ಹಿಂದೆ ನಿಂತು ಓದಿದೆ. ಊಟಕ್ಕೆ ಹೋಗಲಿಲ್ಲ.

ಮೊದಲು ಒಂದು ಹೇಡಿ ಕೆಲಸ ಮಾಡಿದೆ. ಯಾರಿಗೂ ಹೇಳದೆ ನಾನೇ ಪುಟ್ಟಿ ತೆಗೆದುಬಿಟ್ಟರೆ ಮುಚ್ಚಿದ್ದೇ ಗೊತ್ತಾಗುವುದಿಲ್ಲ ಅಂತ ಇವತ್ತು ಮಧ್ಯಾಹ್ನ ಒಬ್ಬನೇ ಯಾರ್ಡಿಗೆ ಹೋದೆ. ಆರು ರಾಡುಗಳದು ಚಾಕುವಿನಲ್ಲೇ ಬಂತು. ಏಳನೆಯದರಲ್ಲಿ ಗಟ್ಟಿಯಾಗಿತ್ತು. ಕರೆಂಟಿನ ಸಾಣೆಚಕ್ರಕ್ಕೆ ಹಿಡಿದೆ. ಕೈ ಜಾರಿತು. ಎರಡೂ ಅಂಚು ಸವೆದು ನುಣ್ಣಗಾಗಿವೆ. ಅಲ್ಲಿ ಯಾವ ಕಚ್ಚಿತ್ತು ಅಂತ ಇನ್ನು ದೇವರೇ ಹೇಳಬೇಕು.

ಆಮೇಲೆ ರೇವಣಸಿದ್ದಪ್ಪನವರ ಹತ್ತಿರ ಹೋಗಿ, ಗುರುತಿದ್ದವು, ಪುಟ್ಟಿ ಹಾಕಿ ಮುಚ್ಚಿದವನು ನಾನೇ, ಹಾಕಿದವರು ನಮ್ಮಪ್ಪ ಅಂದೆ. "ಓದಿದೋನು ಮುಚ್ದ, ಓದದೋನು ಬಂದು ಯಾವ ಕಚ್ಚು ಯಾವ ಇಂಜಿನ್ನಿಂದು ಅಂತ ಹೇಳ್ಬೇಕು. ಕರೆಸಪ್ಪ" ಅಂದರು ಅವರು. ಏಳನೆಯ ರಾಡಿನ ವಿಷಯ ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಎಂಟನೇ ತಾರೀಕು ಭಾನುವಾರ ಅಪ್ಪ ಹಿರಿಯೂರಿನಿಂದ ಮೊದಲ ಬಸ್ಸು ಹಿಡಿದು ಬರಲಿ. ಸಾಣೆಚಕ್ರದ ವಿಷಯ ಅವನಿಗೆ ಓದಬೇಡ.

ಲಿಂಗು


ಚಿತ್ರದುರ್ಗ
೮ ಅಕ್ಟೋಬರ್ ೧೯೭೮, ಭಾನುವಾರ ಸಂಜೆ

ಅಕ್ಕ,

ಅಪ್ಪನನ್ನು ಈಗ ತಾನೇ ಬಸ್ಸಿಗೆ ಹತ್ತಿಸಿ ಬಂದೆ. ಕಾಗದ ಅವನ ಹಿಂದೆಯೇ ಬರಲಿ ಎಂದು ಬರೆಯುತ್ತಿದ್ದೇನೆ.

ಕಂಬಳಿ ಹೆಗಲಿಗೆ ಹಾಕಿಕೊಂಡೇ ಯಾರ್ಡಿಗೆ ಬಂದ. ನನ್ನ ರೂಮಿನವನೊಬ್ಬ ಪಕ್ಕಕ್ಕೆ ಬಂದು, "ಯಾರೋ ಇದು, ಎಕ್ಸ್‌ಪರ್ಟಾ?" ಅಂತ ಹಲ್ಲು ಬಿಟ್ಟ. "ನಮ್ಮಪ್ಪ" ಅಂದೆ. ದನಿ ಇಳಿಯಿತೋ ಇಲ್ಲವೋ ಗಮನಿಸಲಿಲ್ಲ.

ರೇವಣಸಿದ್ದಪ್ಪನವರು ಸ್ಟೂಲು ಎಳೆದು, "ಬರ್ರಿ ಮುದ್ದಪ್ನೋರೆ, ಕುಂತ್ಕಳ್ರಿ, ಟೀ ತರಿಸ್ತೀನಿ" ಅಂದರು.

"ಟೀ ಆಮೇಲಾಗ್ಲಿ ಸಾಮಿ. ಅದೆಲ್ಲೈತೆ?"

ಇಂಜಿನ್ನನ್ನು ಒಂದು ಸುತ್ತು ಹಾಕಿದ. ಆಮೇಲೆ ರಾಡುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಕಣ್ಣಿನಿಂದ ನೋಡಲೇ ಇಲ್ಲ ಅಕ್ಕ. ಮುಖ ಆ ಕಡೆ ತಿರುಗಿಸಿ, ಹೆಬ್ಬೆರಳನ್ನು ಅಂಚಿನ ಮೇಲೆ ಎಳೆಯುತ್ತಾ ಹೋದ.

"ಇದು ನಮ್ದು. ಇದು ನಮ್ದು. ಇದು ಬೀಗರದು."

"ಬೀಗರು ಅಂದ್ರೆ ಯಾರ್ರಿ?"

"ನಮ್ಮ ಹೆಂಡ್ತಿ ಕಡೇರು. ಶ್ರೀರಾಂಪುರದತ್ರ ಅವರ ಹಟ್ಟಿ."

"ಅಲ್ರಿ, ರೈಲ್ವೆ ಇಂಜಿನ್ನಿಗೆ ನಿಮ್ಮ ಹೆಂಡ್ತಿ ತವರಿನ ಗುರುತು ಹಾಕಿದ್ರಾ?"

"ನಂಬರು ನಂಗೆ ಬರ್ತಿರಲಿಲ್ಲ ಸಾಮಿ. ಇಂಜಿನ್ನು ಎರಡಿದ್ವು, ನಂಗೆ ಗೊತ್ತಿದ್ದ ಕಚ್ಚೂ ಎರಡೇ."

ಯಾರ್ಡಿನವರೆಲ್ಲ ನಕ್ಕರು. ಅಪ್ಪನೂ ನಕ್ಕ. ನಮ್ಮವು ಮೂರು, ಅವ್ವನ ಕಡೆಯವು ಮೂರು ಆದವು. ಇಲ್ಲಿ ಉಳಿದಿರುವ ಇಂಜಿನ್ನಿನವು ನಮ್ಮ ಕಚ್ಚಿನವೇ ಅಂತ ಅಪ್ಪನೇ ಹೇಳಿದ. ಕೊನೆಗೆ ಏಳನೆಯದನ್ನು ತೊಡೆಯ ಮೇಲೆ ಎಳೆದುಕೊಂಡ. ಹೆಬ್ಬೆರಳು ಆ ತುದಿಯಿಂದ ಈ ತುದಿಗೆ ಹೋಯಿತು, ಮತ್ತೆ ಹೋಯಿತು. ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ. "ಇದೂ ನಮ್ದೇ" ಅಂದ.

ನಾಲ್ಕೂ ಸಿಕ್ಕವು. ಮಧ್ಯಾಹ್ನ ಜೋಡಿಸಿ ತಳ್ಳಿಸಿದರು. ಇಂಜಿನ್ನು ಸುಮಾರು ನಲವತ್ತು ಅಡಿ ಹೋಯಿತು. ಸುತ್ತಿಗೊಂದು ಸಲ ಟಕ್ ಅಂತ ಸದ್ದು. ರೇವಣಸಿದ್ದಪ್ಪನವರು ಕಿವಿಗೊಟ್ಟರು. "ಬಾಳ ದಿನ ನಿಂತಿತ್ತಲ್ಲ ಸಾಮಿ, ಹೊಂದ್ಕಂತೈತೆ ಬಿಡ್ರಿ" ಅಂದ ಅಪ್ಪ.

ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತಾಗ, ನೀನು ನುಂಗಿದ ಸಾಲನ್ನು ನಾನೇ ಹೇಳಿದೆ.

"ಅಕ್ಷರ ಬಾರದೋನು ಅಂತ ಬರೆದಿದ್ಯಾ?"

"ಹೂಂ."

"ಅದು ಖರೇನೇ." ಬಸ್ಸು ಬರುವ ದಾರಿ ನೋಡುತ್ತಾ, "ಪೆದ್ದ ಅಂತಾನೂ?"

"ಹೂಂ."

"ಅದನ್ನ ನಿಮ್ಮವ್ವ ಅನ್ಬೋದಿತ್ತು. ನೀನು ಅನ್ನಂಗಿಲ್ಲ."

ಅಷ್ಟೇ ಅಂದದ್ದು. ಬಸ್ಸು ಬಂತು.

ಲಿಂಗು


ಯಲ್ಲದಕೆರೆ
೧೧ ಅಕ್ಟೋಬರ್ ೧೯೭೮

ಲಿಂಗು,

ಅಪ್ಪ ಬರೆಯಬೇಡ ಅಂದಿದ್ದಾನೆ. ಬರೆಯುತ್ತಿದ್ದೇನೆ. ಒಮ್ಮೆ ಒಂದು ಸಾಲು ಮುಚ್ಚಿಟ್ಟು ಏನಾಯಿತೆಂದು ನೋಡಿದ್ದೇನೆ.

ಬಂದ ದಿನ ತುಂಬ ಖುಷಿಯಲ್ಲಿದ್ದ. ರೇವಣಸಿದ್ದಪ್ಪನವರು ಹೆಂಗೆ ಸ್ಟೂಲು ಹಾಕಿದರು, ಹೆಂಗೆ "ರ್ರಿ" ಹಚ್ಚಿ ಮಾತಾಡಿದರು ಅಂತ ನಿಮ್ಮ ಭಾವನಿಗೆ ಮೂರು ಸಲ ಹೇಳಿದ. ಮಾರನೇ ದಿನ ಕುರಿ ರೊಪ್ಪದಲ್ಲಿ ಇಬ್ಬರೇ ಇದ್ದಾಗ ಅಂದ: "ಕೊನೇದು ನಂಗೆ ಗೊತ್ತಾಗ್ಲಿಲ್ಲ ಕಣವ್ವ. ಕಚ್ಚು ಸವೆದೋಗಿತ್ತು. ಹೊಸ ಸಾಣೆ, ಹೊಳೀತಿತ್ತು. ಯಾರು ಹಿಡಿದಿರ್ತಾರೆ ಅಂತ ಅವನ ಮುಖ ನೋಡ್ದೆ, ತಿಳೀತು. ಎಲ್ಲಾರೂ ಸುತ್ತ ನಿಂತಿದ್ರು. ನಮ್ದೇ ಅಂದ್ಬಿಟ್ಟೆ."

ನಾಲ್ಕನೆಯದು ಸಿಗದಿದ್ದರೆ ಇಂಜಿನ್ನು ಗುಜರಿಗೆ ಹೋಗುತ್ತಿತ್ತು, ಜೊತೆಗೆ ನಿನ್ನ ಮಾನವೂ ಹೋಗುತ್ತಿತ್ತು. ಎರಡನ್ನೂ ಒಂದೇ ಮಾತಿನಲ್ಲಿ ಉಳಿಸಿದ್ದೇನೆ ಅಂದುಕೊಂಡಿದ್ದಾನೆ. ಆದರೆ ಆ ಟಕ್ ಸದ್ದು ಅವನ ಕಿವಿಯಲ್ಲಿ ಕೂತಿದೆ. ಊಟದ ನಡುವೆ ಕೈ ನಿಲ್ಲಿಸುತ್ತಾನೆ.

ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹದಿನಾರಕ್ಕೆ ಇನ್ನೂ ದಿನ ಇವೆ.

ಜಯಕ್ಕ


ಚಿತ್ರದುರ್ಗ
೧೮ ಅಕ್ಟೋಬರ್ ೧೯೭೮

ಅಕ್ಕ,

ನಿನ್ನ ಕಾಗದ ಶನಿವಾರ ಸಿಕ್ಕಿತು. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಬಾಯಿ ಮುಚ್ಚಿಕೊಂಡಿದ್ದರೆ ಇಂಜಿನ್ನು ಉಳಿಯುತ್ತದೆ, ಹೇಳಿದರೆ ಹೋಗಬಹುದು, ಅಪ್ಪನ ಹೆಸರೂ ಹೋಗಬಹುದು. ಇದಕ್ಕೆ ಯಾವ ಗೈಡಿನಲ್ಲೂ ಉತ್ತರ ಇಲ್ಲ. ಸೋಮವಾರ ಬೆಳಿಗ್ಗೆ ಕ್ಲಾಸು ಬಿಟ್ಟು ಯಾರ್ಡಿಗೆ ಹೋಗಿ ಹೇಳಿದೆ. ಆಫೀಸರು ಬರಲು ಮೂರು ಗಂಟೆ ಇತ್ತು.

ರೇವಣಸಿದ್ದಪ್ಪನವರು ಫಿಟ್ಟರ್ ಗೊಲ್ಲಪ್ಪನವರನ್ನು ಕರೆದರು. ರಾಡು ಬಿಚ್ಚಿಸಿದರು. ಗುರುತು ಸಿಕ್ಕ ಆರರ ಜೊತೆ ಹೋಲಿಸಿ ಬಳೆ ಅಳೆದರು, ಅದು ಕೂರುವ ಚಕ್ರದ ಗೂಟ ಅಳೆದರು, ಇನ್ನೊಮ್ಮೆ ಅಳೆದರು. ಅದು ಈ ಇಂಜಿನ್ನಿನದಲ್ಲ. ಅವ್ವನ ಕಡೆಯದು. ಕಾಣೆಯಾಗಿದ್ದು ನಮ್ಮದೇ.

"ನಿಮ್ಮಪ್ಪ ನನ್ನೆದುರಿಗೇ ಸುಳ್ಳು ಹೇಳಿದ್ನೇನೋ?"

"ನನ್ನ ಸಲುವಾಗಿ ಹೇಳಿದ್ದು ಸಾರ್. ಗುರುತು ಅಳಿಸಿದ್ದು ನಾನು. ಅವತ್ತೇ ಹೇಳಬೇಕಿತ್ತು."

"ಅಲ್ಲಲೇ, ಆ ಟಕ್ಕು ಕೇಳಿಸಿಕೊಂಡು ನಾನೂ ಸುಮ್ಮನಿದ್ನಲ್ಲ, ನಂದೇನು ಕಮ್ಮಿ ಸುಳ್ಳಾ?" ಅಂದರು. ಅವರು ಕುರ್ಚಿ ಎಳೆದುಕೊಂಡು ರಿಪೋರ್ಟಿನಲ್ಲಿ ತಮ್ಮ ಕೈಯಾರೆ ಬರೆದರು: ಮೂರು ರಾಡು ಇದರವು, ಒಂದು ಬೇರೆಯದು, ಬಳೆ ಸಡಿಲವಿದೆ, ತಿರುಗುತ್ತದೆ.

ಆಫೀಸರು ಅದನ್ನು ಎರಡು ಸಲ ಓದಿದರು. ತಳ್ಳಿಸಿ ನೋಡಿದರು. ಟಕ್ ಅಂತು. ಅವರು ಇಂಗ್ಲಿಷಿನಲ್ಲಿ, ನಲವತ್ತು ವರ್ಷ ದುಡಿದ ಇಂಜಿನ್ನಿನಲ್ಲಿ ಪೂರಾ ತನ್ನದೇ ಅನ್ನುವ ಭಾಗಗಳು ಎಷ್ಟಿರುತ್ತವೆ, ಇದು ನನ್ನೊಡನೆ ಬರುತ್ತದೆ ಅಂದರು. ಅಷ್ಟೂ ಅರ್ಥವಾಯಿತು. ಒಂದೇ ಷರತ್ತು, ಕಚ್ಚುಗಳಿಗೆ ಇನ್ನು ಯಾರೂ ಪುಟ್ಟಿ ಹಾಕಕೂಡದು, ಪಕ್ಕದಲ್ಲಿ ಇಡುವ ಬೋರ್ಡಿನಲ್ಲಿ ಇದನ್ನೆಲ್ಲ ಬರೆಯಬೇಕು. ಬರೆಯುವ ಕೆಲಸ ನನಗೇ ಬಂತು. ಇಂಗ್ಲಿಷಿನದು ಇನ್ನೂ ಒದ್ದಾಡುತ್ತಿದೆ. ಕನ್ನಡದ್ದು ಹೀಗಿದೆ: "ಅಂಚಿನ ಕಚ್ಚುಗಳು ಕುರಿಗಳ ಕಿವಿಗೆ ಹಾಕುವ ಗುರುತುಗಳು. ಹಾಕಿದವರು ಖಲಾಸಿ ಮುದ್ದಪ್ಪ. ಕಚ್ಚಿಲ್ಲದ ರಾಡು ಇದರ ಜೊತೆಯ ಇಂಜಿನ್ನಿನದು."

ಉಳಿದ ಮೂರು ರಾಡುಗಳನ್ನು ಕೇಳಿದೆ. ಕೊಡಲಾಗುವುದಿಲ್ಲವಂತೆ. ಶುಕ್ರವಾರದ ಗುಜರಿ ವ್ಯಾಗನ್ನಿಗೆ ಹಾಕುತ್ತಾರೆ.

ಅಪ್ಪನಿಗೆ ಇದನ್ನು ಹೇಗೆ ಹೇಳುತ್ತೀಯೋ ನೋಡು. ತನ್ನ ಮಾತು ಸುಳ್ಳಾಯಿತೆಂದು ನೊಂದುಕೊಂಡಾನು ಅನ್ನುವುದೇ ನನಗೆ ಯೋಚನೆ.

ಲಿಂಗು


ಯಲ್ಲದಕೆರೆ
೨೫ ಅಕ್ಟೋಬರ್ ೧೯೭೮

ಲಿಂಗು,

ಓದಿ ಹೇಳಿದೆ. ಅಪ್ಪ ರೊಪ್ಪಕ್ಕೆ ಮುಳ್ಳುಬೇಲಿ ಕಟ್ಟುತ್ತಿದ್ದ. ಕೆಲಸ ನಿಲ್ಲಿಸದೆ ಕೇಳುತ್ತಿದ್ದ. ರಾಡು ಅಳೆದ ಕಡೆ ಬಂದಾಗ ಕೈ ನಿಂತಿತು.

"ಹಂಗಾದ್ರೆ ಅದು ಕಾಟಮ್ಮನ ಕಡೇದಾ?" ಅವ್ವನ ಹೆಸರು ಹಿಡಿದೇ ಕೇಳಿದ.

"ಹೂಂ ಅಪ್ಪ."

"ಅದೇ ಮೈಸೂರಿಗೆ ಹೋಗೋದಾ?"

"ಅದೇ."

"ಮಿಕ್ಕಿದ ಮೂರು?"

ಶುಕ್ರವಾರವೇ ಗುಜರಿಗೆ ಹೋಗಿರುತ್ತವೆ ಅಂದೆ. ಬೇಲಿಯ ಪಕ್ಕದಲ್ಲೇ ಕುಳಿತುಕೊಂಡ. ಅಂಗೈಗೆ ಚುಚ್ಚಿದ ಮುಳ್ಳನ್ನು ನಿಧಾನಕ್ಕೆ ಕಿತ್ತ. ಸುಳ್ಳು ಬಯಲಾದದ್ದರ ಬಗ್ಗೆ ಏನಾದರೂ ಅಂದಾನೆಂದು ನಾನು ಕಾಯುತ್ತಿದ್ದೆ. ಆ ಮಾತೇ ಎತ್ತಲಿಲ್ಲ.

"ಒಂದಾದ್ರೂ ಉಳೀತಲ್ಲ ಬಿಡು" ಅಂದ.

ಜಯಕ್ಕ